ಮಲೆನಾಡಿನ ಮನೆಗೆ ಯಾವ ನಾಯಿ? ಮೊದಲು ಅದು ಎಲ್ಲಿ ಮಲಗುತ್ತೆ ಹೇಳಿ

"ನಾಯಿ ಸಾಕಬೇಕು ಅಂತ ಮಾಡಿದೀವಿ. ಯಾವ ಜಾತಿದು ತರೋದು ಒಳ್ಳೇದು?" ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಿಷ್ಟರಲ್ಲಿ ವರ್ಷಕ್ಕೆ ಮೂರ್ನಾಲ್ಕು ಜನವಾದರೂ ಹೀಗೆ ಕೇಳುತ್ತಾರೆ. ಲ್ಯಾಬ್ರಡಾರೋ, ಜರ್ಮನ್ ಶೆಫರ್ಡೋ, ಮುಧೋಳವೋ, ಊರಿನ ನಾಟಿ ಮರಿಯೋ ಅಂತ ಯೋಚಿಸಿಕೊಂಡೇ ಬಂದಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ರಾತ್ರಿ ಅದು ಎಲ್ಲಿ ಮಲಗುತ್ತೆ? ಇದಕ್ಕೆ ಉತ್ತರ ಸಿಕ್ಕರೆ ಜಾತಿಯ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.

ಹೀಗೆ ಕೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಕರಿಯ ಅಂತ ಒಬ್ಬನಿದ್ದ. ಊಟಕ್ಕೆ ಕೂರುವ ಮುಂಚೆ ಅವ್ವ "ಕರಿಯಂಗೆ ಹಾಕಿದ್ರಾ?" ಅಂತ ಕೇಳದ ದಿನ ನನಗೆ ನೆನಪಿಲ್ಲ. ಅಪ್ಪಯ್ಯ ತೋಟಕ್ಕೆ ಹೊರಟರೆ ಹತ್ತು ಮಾರು ಮುಂದೆ ಅವನೇ ಇರಬೇಕು. ರಾತ್ರಿಯಾದರೆ ಮಾತ್ರ ಅವನಿಗೆ ಜಗಲಿಯ ಕಂಬ, ಸರಪಳಿ. ಕೇರಿಯ ಎಲ್ಲರ ಮನೆಯಲ್ಲೂ ಹಾಗೇ ಇತ್ತು, ನಮಗೂ ಬೇರೆ ತೋಚಲಿಲ್ಲ. ಒಂದು ಆಷಾಢದ ರಾತ್ರಿ, ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಬೇರೇನೂ ಕೇಳಿಸದ ಹೊತ್ತಿನಲ್ಲಿ, ಚಿರತೆ ಬಂದು ಹೋಯಿತು. ಬೆಳಿಗ್ಗೆ ಅವ್ವ ಕದ ತೆಗೆದಾಗ ಸರಪಳಿ ಕಂಬಕ್ಕೆ ಬಿಗಿದ ಹಾಗೇ ಇತ್ತು. ತುದಿಯಲ್ಲಿ ಕೊರಳಪಟ್ಟಿ, ಬಕಲ್ ಕೂಡ ಬಿಚ್ಚಿರಲಿಲ್ಲ. ಒಳಬದಿಗೆ ನಾಲ್ಕು ಕರಿ ಕೂದಲು ಅಂಟಿಕೊಂಡಿತ್ತು.

ಅವನನ್ನು ನಾವು ನಮ್ಮನೆಯವನು ಅಂತಲೇ ಹೇಳುತ್ತಿದ್ದೆವು. ಮನೆಯವರನ್ನು ಯಾರಾದರೂ ಚಿರತೆ ಓಡಾಡುವ ಜಾಗದಲ್ಲಿ ಕಟ್ಟಿ ಹಾಕಿ ಒಳಗೆ ಅಗುಳಿ ಹಾಕಿಕೊಳ್ಳುತ್ತಾರಾ? ಊಟಕ್ಕೆ ಮನೆಯವನು, ನಿದ್ದೆಗೆ ಹೊರಗಿನವನು ಅಂತ ಮಾಡಿಕೊಂಡಿದ್ದೆವು. ಆ ತಪ್ಪು ನಮ್ಮದೇ.

ನಾಯಿಯನ್ನು ಮನೆಯವರಂತೆ ಕಾಣುವುದು ಪೇಟೆಯವರು ಮೊನ್ನೆ ಕಲಿತದ್ದು ಅನ್ನುವವರಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ಅವರು ನೋಡಬೇಕು. ಹತ್ತನೇ ಶತಮಾನದ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ತನ್ನ ಒಡೆಯ, ಗಂಗರ ದೊರೆ ಬೂತುಗನಲ್ಲಿ ಬೇಡಿಕೊಂಡದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೊಂದಿಗೆ ತಾನೂ ಸತ್ತಾಗ ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರೀತಿ ನಮ್ಮಲ್ಲಿ ಸಾವಿರ ವರ್ಷದಿಂದ ಇದೆ. ಆ ಪ್ರೀತಿಗೆ ತಕ್ಕ ಏರ್ಪಾಡು ಯಾವುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಗಲಿ, ಗೂಡು, ಒಳಮನೆ

ಜಗಲಿಯಲ್ಲಿ ಕಟ್ಟಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಏರ್ಪಾಡು. ಊರಂಚಿಗೆ ಬರುವ ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಕಟ್ಟಿದ ನಾಯಿ ಓಡುವ ಹಾಗೂ ಇಲ್ಲ, ಅಡಗುವ ಹಾಗೂ ಇಲ್ಲ. ಲೈಟು ಹಾಕಿಟ್ಟರೆ ಬರುವುದಿಲ್ಲ ಅನ್ನುವುದನ್ನು ನಂಬಿ ಕೂರಬೇಡಿ.

ಕಟ್ಟದೆ ಬಿಟ್ಟರೆ? ಕದ ಕೆರೆದು ಕರೆಯುವುದಕ್ಕಾದರೂ ಆಗುತ್ತೆ, ನಿಜ. ಆದರೆ ಬಿಟ್ಟ ನಾಯಿ ಹಂದಿಯ ವಾಸನೆ ಹಿಡಿದು ತೋಟ ದಾಟಿ ಹೋಗುತ್ತೆ. ಬೇಲಿಯಲ್ಲಿ ಹಂದಿಗೆ ಅಂತ ಇಟ್ಟ ಉರುಳಿಗೆ ಸೊಂಟ ಸಿಕ್ಕಿಸಿಕೊಳ್ಳುವುದು, ಹಿಟ್ಟಿನಲ್ಲಿ ಸುತ್ತಿಟ್ಟ ಸಿಡಿಮದ್ದು ಕಚ್ಚುವುದು ನಮ್ಮ ಕಡೆ ಕೇಳದ ಸುದ್ದಿಯಲ್ಲ. ಉರುಳೂ ಸಿಡಿಮದ್ದೂ ಕಾನೂನಿಗೆ ವಿರುದ್ಧ. ಇಟ್ಟಿದ್ದಾರೆ ಅಂತ ಗೊತ್ತಾದರೆ ಅರಣ್ಯ ಇಲಾಖೆಗೆ ತಿಳಿಸಿ, ನೆರೆಯವರು ಅಂತ ಸುಮ್ಮನಿರಬೇಡಿ.

ಗೂಡು ಕಟ್ಟಿಸುವುದಾದರೆ ಗಟ್ಟಿಯಾಗಿ ಕಟ್ಟಿಸಿ. ನಾಲ್ಕು ಬದಿಗೂ ಮೇಲಕ್ಕೂ ಬೆಸುಗೆ ಹಾಕಿದ ಕಬ್ಬಿಣದ ಜಾಲರಿ ಬೇಕು. ಕೋಳಿಗೂಡಿಗೆ ಹಾಕುವ ತೆಳು ಬಲೆ ಚಿರತೆಯ ಉಗುರಿಗೆ ಏನೂ ಅಲ್ಲ. ಮೇಲೆ ಬರೀ ಶೀಟು ಹೊದಿಸಿದರೆ ಸಾಲದು, ಅದರ ಕೆಳಗೂ ಜಾಲರಿ ಇರಬೇಕು. ನೆಲದಿಂದ ಒಂದು ಮೊಳ ಎತ್ತರಕ್ಕೆ ಹಲಗೆ ಹಾಸಿ, ಎರಚಲು ಹೊಡೆಯದ ಬದಿಗೆ ಬಾಗಿಲಿಡಿ, ಮನೆ ಗೋಡೆಗೆ ತಾಗಿಸಿಯೇ ಕಟ್ಟಿ. ಅಂಗಳದ ಆಚೆ ತುದಿಯಲ್ಲಿ ಕಟ್ಟಿದ ಗೂಡಿನೊಳಗಿನ ನಾಯಿಯನ್ನು ಚಿರತೆ ಮುಟ್ಟದೇ ಹೋದರೂ, ರಾತ್ರಿಯಿಡೀ ಸುತ್ತ ಸುತ್ತಿದರೆ ಅದು ಹೆದರಿಯೇ ಅರ್ಧ ಆಗುತ್ತೆ.

ನನ್ನ ಆಯ್ಕೆ ಒಳಮನೆ. "ನಮ್ಮಲ್ಲಿ ಮಡಿ ಇದೆ, ಒಳಗೆ ಬಿಟ್ಟುಕೊಳ್ಳೋಕಾಗಲ್ಲ" ಅನ್ನುವವರಿಗೆ ನಾನು ಹೇಳುವುದು ಬಚ್ಚಲುಮನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿಗೆ ಹಿತ್ತಿಲ ಕಡೆಯಿಂದಲೇ ಬಾಗಿಲಿರುತ್ತೆ. ಅಡುಗೆಮನೆ, ದೇವರಕೋಣೆ ದಾಟಬೇಕಿಲ್ಲ. ಸಂಜೆ ಉರಿಸಿದ ಹಂಡೆ ಒಲೆಯ ಕಾವು ಬೆಳಗಿನವರೆಗೂ ಇರುತ್ತೆ. ಮಳೆಗಾಲದಲ್ಲಿ ಒದ್ದೆ ನಾಯಿ ಒಣಗುವುದಕ್ಕೆ ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಲೆಯ ಬಾಯಿಗೆ ಒಂದು ತಗಡು ಮುಚ್ಚಿಡಿ, ಬೂದಿಯೊಳಗೆ ಕೆಂಡ ಉಳಿದಿರುತ್ತೆ.

ಶಿವಮೊಗ್ಗ ಪೇಟೆಯಲ್ಲಿ ಮನೆ ಇರುವವರಿಗೆ ತೊಂದರೆ ಹಗಲಿನದ್ದು. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಆರಕ್ಕೆ ಬರುವ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಮರಿ ತರಬೇಡಿ. ಅಜ್ಜ ಅಜ್ಜಿ ಇದ್ದಾರೆ, ಅಥವಾ ಒಬ್ಬರು ಮಧ್ಯಾಹ್ನ ಬಂದು ಹೋಗುತ್ತಾರೆ ಅಂದರೆ ಆದೀತು.

ಜಾತಿಯ ಮಾತು

ತೋಟದ ಮನೆಗೆ ನನ್ನ ಮೊದಲ ಮಾತು ನಾಟಿ ನಾಯಿಗೇ. ಗಿಡ್ಡ ಕೂದಲು ಬೇಗ ಒಣಗುತ್ತೆ, ಕಾಡುದಾರಿ, ಉಂಬಳ (ಜಿಗಣೆ), ಚಳಿ ಎಲ್ಲಕ್ಕೂ ಮೈ ಒಗ್ಗಿರುತ್ತೆ. ಚೆನ್ನಾಗಿ ನೋಡಿಕೊಂಡರೆ ಹದಿಮೂರು ಹದಿನಾಲ್ಕು ವರ್ಷ ಬದುಕುತ್ತೆ. ಮಂಗ ಬಂದಾಗಿನ ಬೊಗಳೇ ಬೇರೆ, ನೆಂಟರು ಬಂದಾಗಿನದೇ ಬೇರೆ, ಹಾವು ಕಂಡಾಗಿನದೇ ಬೇರೆ. ಅವ್ವ ಒಳಗಿಂದಲೇ ಯಾವುದು ಅಂತ ಹೇಳುತ್ತಿದ್ದಳು. ಕೊರತೆ ಅಂದರೆ ಒಂದೇ, ಅಲೆಯುವ ಕಾಲು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅದೂ ಬಹುಪಾಲು ನಿಲ್ಲುತ್ತೆ. ನಾಟಿ ನಾಯಿ ತಾನಾಗೇ ಗಟ್ಟಿ, ಲಸಿಕೆ ಬೇಡ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಪಾರ್ವೋ ಅನ್ನುವ ವೈರಸ್ ರೋಗ ಬಂದರೆ ಎರಡು ತಿಂಗಳ ನಾಟಿ ಮರಿಯೂ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು.

ಮುಧೋಳ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ, ಮರಿ ಬೇಕಾದವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಆದರೆ ಅದು ಬಾಗಲಕೋಟೆಯ ಬಿಸಿಲು ಬಯಲಿನ ನಾಯಿ. ಕಣ್ಣಳತೆಯಲ್ಲಿ ಏನಾದರೂ ಓಡಿತೋ ಅದರ ಹಿಂದೆ ಓಡುವುದಕ್ಕೇ ಹುಟ್ಟಿದ್ದು. ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆಯ ಬದಿಯ ಮನೆಯಲ್ಲಿ ಮೂರು ತಿಂಗಳು ಅದಕ್ಕೆ ಓಟವೂ ಇಲ್ಲ, ಬಿಸಿಲೂ ಇಲ್ಲ. ಶಿಕಾರಿಪುರದ ಬಯಲು ಕಡೆ, ಸುತ್ತ ಗೋಡೆ ಇರುವ ದೊಡ್ಡ ಜಾಗ ಇದ್ದರೆ ಧಾರಾಳ ತನ್ನಿ. ಪಕ್ಕೆಲುಬು ಕಾಣುತ್ತೆ ಅಂತ ತಿನ್ನಿಸಿ ದಪ್ಪ ಮಾಡಬೇಡಿ, ಅದರ ಮೈಕಟ್ಟೇ ಹಾಗೆ.

ಲ್ಯಾಬ್ರಡಾರ್ ಮಕ್ಕಳಿರುವ ಮನೆಗೆ ಬಂಗಾರದಂಥ ನಾಯಿ. ನೀರು ಕಂಡರೆ ಅದಕ್ಕೆ ಹಬ್ಬ. ತೊಡಕು ಇರುವುದು ಅದರ ಹೊಟ್ಟೆಯಲ್ಲಿ, ಸೊಂಟದ ಕೀಲಿನಲ್ಲಿ. ಹಾಕಿದ್ದೆಲ್ಲ ತಿಂದು ಐದನೇ ವರ್ಷಕ್ಕೆ ಪೀಪಾಯಿಯಂತಾಗಿ, ಎಂಟಕ್ಕೆ ಮೆಟ್ಟಿಲು ಹತ್ತಲಾರದ ಲ್ಯಾಬ್ರಡಾರ್‌ಗಳನ್ನು ಪೇಟೆಯಲ್ಲಿ ಎಷ್ಟೋ ನೋಡಿದ್ದೇನೆ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ನಡೆಸುವವರು ಮನೆಯಲ್ಲಿ ಯಾರು ಅಂತ ಹೆಸರು ಹಿಡಿದು ತೀರ್ಮಾನಿಸಿಕೊಂಡು ತನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರು ರಸ್ತೆಯ ಮೇಲೆ ಅಂಗೈ ಊರಿ ಐದು ಎಣಿಸಿ. ನಿಮ್ಮ ಕೈ ತಡೆಯದಿದ್ದರೆ ಅದರ ಪಾದವೂ ತಡೆಯುವುದಿಲ್ಲ.

ಜರ್ಮನ್ ಶೆಫರ್ಡ್‌ನ ದಟ್ಟ ಕೂದಲಿನ ಒಳಪದರ ನಮ್ಮ ಮಳೆಗಾಲದಲ್ಲಿ ಒಣಗುವುದೇ ಕಷ್ಟ. ಮೇಲೆ ಮುಟ್ಟಿದರೆ ಒಣಗಿದಂತಿರುತ್ತೆ, ಬೆರಳು ಒಳಗಿಟ್ಟರೆ ತೇವ. ಅಲ್ಲಿಂದಲೇ ಬೂಷ್ಟು, ತುರಿಕೆ, ಹುಣ್ಣು. ದಿನಾ ಒರೆಸಿ ಬಾಚುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಪಾಮೇರಿಯನ್ ಅಂತ ಮಾರುವ ಬಿಳಿ ನಾಯಿ ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಚಿಕ್ಕ ಮನೆಗೆ, ವಯಸ್ಸಾದವರ ಜೊತೆಗೆ ಚೆನ್ನಾಗಿ ಹೊಂದುತ್ತೆ, ಕೂದಲಿನ ಕಷ್ಟ ಅದಕ್ಕೂ ಇದೆ. ಹಿಮದ ನಾಡಿನ ಹಸ್ಕಿ, ಸೇಂಟ್ ಬರ್ನಾರ್ಡ್ ತರುವವರಿಗೆ ಕೈಮುಗಿದು ಬೇಡ ಅನ್ನುತ್ತೇನೆ.

ಉಣ್ಣೆಯ ಕಾಟ

ಬೇರೆ ಊರಿನವರಿಗೆ ಉಣ್ಣೆಹುಳ ಅಂದರೆ ನಾಯಿಯ ತುರಿಕೆ ಅಷ್ಟೇ. ನಮಗೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ, ಮನುಷ್ಯರ ಜೀವವನ್ನೂ ತೆಗೆಯುವ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. 2019ರ ಹೊತ್ತಿಗೆ ಸಾಗರದ ಅರಳಗೋಡು ಗ್ರಾಮ ಈ ಕಾಯಿಲೆಯಿಂದ ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ನಾಯಿಯ ಮೈಮೇಲೆ ಸಾಮಾನ್ಯವಾಗಿ ಇರುವ ಕಂದು ಉಣ್ಣೆ ಬೇರೆ ಜಾತಿಯದು. ಆದರೆ ಕಾಡಿನೊಳಗೆ ಸುತ್ತಿ ಬಂದ ನಾಯಿ, ದರಗಿನಲ್ಲಿ ಓಡಾಡುವ ದನದ ಹಾಗೇ, ಕಾಡಿನ ಉಣ್ಣೆಯನ್ನು ಹೊತ್ತು ಜಗಲಿಗೆ ತರಬಲ್ಲದು. ಡಿಸೆಂಬರಿನಿಂದ ಮೇವರೆಗೆ, ಅದರಲ್ಲೂ ಊರ ಹತ್ತಿರ ಮಂಗ ಸತ್ತ ಸುದ್ದಿ ಇದ್ದಾಗ, ನಾಯಿಯನ್ನು ಕಾಡಿಗೆ ಬಿಡಲೇಬೇಡಿ. ನಾಯಿಗೆ ಬರುವ ಉಣ್ಣೆ ಜ್ವರ ಬೇರೆಯೇ ಇದೆ. ಊಟ ಬಿಡುತ್ತೆ, ಒಸಡು ಬಿಳಚುತ್ತೆ, ಮೂಗಿನಲ್ಲಿ ರಕ್ತವೂ ಬರಬಹುದು. ಅಂಥದ್ದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಮದ್ದುಗಳಲ್ಲಿ ನನ್ನ ಮೊದಲ ಆಯ್ಕೆ ತಿನ್ನಿಸುವ ಮಾತ್ರೆ. ಒಂದು ತಿಂಗಳು ಬರುವಂಥದ್ದೂ ಇದೆ, ಮೂರು ತಿಂಗಳು ಬರುವಂಥದ್ದೂ ಇದೆ. ಮಳೆಯಲ್ಲಿ ತೊಳೆದು ಹೋಗುವ ಭಯವಿಲ್ಲ. ನಮ್ಮ ಹವೆಗೆ ಅದೇ ದೊಡ್ಡ ಅನುಕೂಲ. ಫಿಟ್ಸ್ ಬರುವ ನಾಯಿಗೆ ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ. ಬೆನ್ನಿನ ಮೇಲೆ ಹಾಕುವ ಹನಿಮದ್ದು ಅಗ್ಗ, ಆದರೆ ಹಾಕುವ ಹಿಂದೆ ಮುಂದೆ ಎರಡು ದಿನ ಮೈ ಒದ್ದೆಯಾಗಬಾರದು. ಜುಲೈಯಲ್ಲಿ ಇದು ಆಗುವ ಮಾತೇ? ಮನೆಯಲ್ಲಿ ಬೆಕ್ಕಿದ್ದರೆ ಹನಿಮದ್ದಿನ ಡಬ್ಬದ ಮೇಲೆ ಪರ್ಮೆಥ್ರಿನ್ ಅಂತ ಇದೆಯೋ ನೋಡಿ, ಅದು ಬೆಕ್ಕಿಗೆ ವಿಷ. ದನಕ್ಕೆ ತಂದ ಉಣ್ಣೆಮದ್ದನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ನಾಯಿಗೆ ಬಳಿಯುವುದು, ತೋಟಕ್ಕೆ ಹೊಡೆಯುವ ಕೀಟನಾಶಕ ಸವರುವುದು, ಸೀಮೆಎಣ್ಣೆ ಹಚ್ಚುವುದು ಮೂರೂ ನಾಯಿಯ ಜೀವಕ್ಕೇ ಕುತ್ತು.

ಯಾವ ಮದ್ದು ಹಾಕಿದರೂ ಕೈಯಿಂದ ಹುಡುಕುವುದು ತಪ್ಪದು. ನಮ್ಮನೆಯಲ್ಲಿ ಸಂಜೆ ಹಂಡೆ ಒಲೆ ಎದುರು ಈ ಕೆಲಸ. ಕಿವಿ ಮಡಚಿ ಒಳಗಿನ ಗೆರೆಗಳಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ನೋಡಬೇಕು. ಹೊಟ್ಟೆ ತುಂಬಿದ ಉಣ್ಣೆ ನೆನೆದ ಹುರುಳಿಕಾಳಿನಂತೆ ಕೈಗೆ ಸಿಗುತ್ತೆ. ಅದನ್ನು ಹಿಸುಕಬಾರದು. ಚಿಮುಟದಿಂದ ಚರ್ಮಕ್ಕೆ ತಾಗಿದ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ ನೆಟ್ಟಗೆ ಎಳೆದು, ಸೋಪಿನ ನೀರಿನ ಡಬ್ಬಕ್ಕೆ ಹಾಕಬೇಕು. ಕೈಗೆ ಗವಸು ಇರಲಿ. ನಮ್ಮ ಈಗಿನ ಹೆಣ್ಣು ನಾಯಿ ಮೊದಮೊದಲು ಕಿವಿ ಮುಟ್ಟಿದರೆ ಗುರ್ ಅನ್ನುತ್ತಿದ್ದಳು. ಈಗ ಒಲೆ ಹೊತ್ತಿದ್ದೇ ತಾನಾಗಿ ಬಂದು ತಲೆ ತೊಡೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾಳೆ.

ಮನೆ ಊಟವೋ ಪ್ಯಾಕೆಟ್ಟೋ

ಎರಡೂ ಆಗುತ್ತೆ. ಅನ್ನ ಮಜ್ಜಿಗೆ ಒಂದೇ ಹಾಕಿ ಸಾಕಿದ ನಾಯಿ ಬದುಕುತ್ತೆ, ಬೆಳೆಯುವುದಿಲ್ಲ. ಅನ್ನದ ಜೊತೆ ಮೊಟ್ಟೆ, ಬೇಯಿಸಿ ಮೂಳೆ ತೆಗೆದ ಕೋಳಿ, ಮೀನು, ಒಂದಿಷ್ಟು ಕುಂಬಳಕಾಯಿ ಇದ್ದರೆ ಅದು ಊಟ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ, ಹಾಕಬೇಡಿ. ಮೊಟ್ಟೆಯೂ ಒಳಗೆ ಬಾರದ ಮನೆಯವರು ಮನಸ್ಸು ಗಟ್ಟಿ ಮಾಡಿ ಪ್ಯಾಕೆಟ್ ಆಹಾರವನ್ನೇ ಕೊಡುವುದು ನಾಯಿಗೆ ನ್ಯಾಯ. ಮಲೆನಾಡಿನಲ್ಲಿ ಪ್ಯಾಕೆಟ್ಟಿನ ಶತ್ರು ತೇವ. ದೊಡ್ಡ ಚೀಲ ಅಗ್ಗ ಅಂತ ತಂದು ಅಟ್ಟದ ಮೇಲೆ ಬಾಯಿ ಮಡಚಿಟ್ಟರೆ ಮಳೆಗಾಲದಲ್ಲಿ ಹದಿನೈದೇ ದಿನಕ್ಕೆ ಬೂಷ್ಟು ಹಿಡಿಯುತ್ತೆ, ಆ ಬೂಷ್ಟು ಯಕೃತ್ತಿಗೆ ವಿಷ. ಚಿಕ್ಕ ಚೀಲ ತನ್ನಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತೆ. ಉಳಿದ ಸಾಂಬಾರು ಸುರಿಯುವ ಅಭ್ಯಾಸ ಬಿಡಬೇಕಾದ್ದು ಅದಕ್ಕೇ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಕಾಫಿಪುಡಿ ಕೂಡ ಆಗದು. ಇನ್ನು ತೋಟದವರು ನೋಡಬೇಕಾದ್ದು ಬೇರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಷ್ಟು ಖಡಕ್ ಅಂದರೆ ಹಿಂದೆ ಅದನ್ನೇ ನಾಯಿಗೆ ಲಾಡಿಹುಳು ಕೆಡವುವ ಔಷಧಿಯಾಗಿ ಕೊಡುತ್ತಿದ್ದರು. ಅಂಗಳದಲ್ಲಿ ಹರವಿದ ಹಸಿ ಅಡಿಕೆಯನ್ನು ಚೆಂಡಿನಂತೆ ಅಗಿಯುವ ಮರಿಗೆ ಜೊಲ್ಲು, ವಾಂತಿ, ನಡುಕ ಬರುವುದು ಇದರಿಂದ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ ಮೈಲುತುತ್ತದ ನೀರು ಉಳಿದ ಡ್ರಮ್ಮಿಗೆ ಮುಚ್ಚಳ ಹಾಕಿ, ನಾಯಿಯನ್ನು ಒಳಗಿಡಿ. ಬಸವನಹುಳಕ್ಕೆ ಇಡುವ ಗುಳಿಗೆಯ ವಾಸನೆ ನಾಯಿಗೆ ರುಚಿ, ತಿಂದರೆ ಕೆಲವೇ ಗಂಟೆಗಳಲ್ಲಿ ಅದುರು, ಸೆಳೆತ. ತಿಂದದ್ದು ಗೊತ್ತಾದರೆ ಗುಳಿಗೆಯ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿ. ತಾಲ್ಲೂಕಿನಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಮರಿಯೋ, ಬೆಳೆದದ್ದೋ, ಗಂಡೋ, ಹೆಣ್ಣೋ

ಮರಿಯಾದರೆ ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ಆರರಿಂದ ಎಂಟನೇ ವಾರದಲ್ಲಿ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರು, ನಾಲ್ಕು ತಿಂಗಳಾಗುವವರೆಗೆ ಮತ್ತೆ ಮತ್ತೆ ಕೊಡಿಸಬೇಕು. ಮೂರು ತಿಂಗಳಿಗೆ ರೇಬಿಸ್, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಗದ್ದೆ ಬದಿಯ ಮನೆಯಾದರೆ ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ನಾಯಿಗೂ ಔಷಧಿ ಇಲ್ಲ. ಮನೆಯ ಮರಿಯೇ ಆಟಕ್ಕೆ ಕಚ್ಚಿದರೂ, ಹಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ.

ಎಲ್ಲರೂ ಗಂಡು ಮರಿಯನ್ನೇ ಕೇಳುತ್ತಾರೆ. ಅದಕ್ಕೇ ಘಾಟಿ ರಸ್ತೆಯ ತಿರುವಿನಲ್ಲಿ, ಸಂತೆ ಮೈದಾನದ ಮೂಲೆಯಲ್ಲಿ ಗೋಣಿಚೀಲದಲ್ಲಿ ಸಿಗುವ ಮರಿಗಳೆಲ್ಲ ಹೆಣ್ಣೇ. ನನಗೆ ಇದರಷ್ಟು ನೋವು ಕೊಡುವ ವಿಷಯ ಬೇರೆ ಇಲ್ಲ. ಹೆಣ್ಣು ನಾಯಿ ಮನೆ ಬಿಟ್ಟು ಅಲೆಯುವುದು ಕಡಿಮೆ, ಮನೆ ಕಾಯುವುದರಲ್ಲಿ ಗಂಡಿಗಿಂತ ಒಂದು ಕೈ ಮೇಲೆ. ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ ಅನ್ನುವುದೇ ಕಷ್ಟವಾದರೆ ಒಂದು ಶಸ್ತ್ರಚಿಕಿತ್ಸೆಯಲ್ಲಿ ಅದು ಮುಗಿಯುತ್ತೆ, ವಯಸ್ಸಾದಾಗ ಗರ್ಭಕೋಶ ಕೀವಾಗುವ ಅಪಾಯವೂ ತಪ್ಪುತ್ತೆ.

ಮನೆಯಲ್ಲಿ ಎಲ್ಲರೂ ಅರವತ್ತು ದಾಟಿದವರಾದರೆ ಎರಡು ಮೂರು ವರ್ಷದ, ಗುಣ ಗೊತ್ತಾದ ನಾಯಿ ತನ್ನಿ. ಮರಿಯ ಹಲ್ಲು, ಉಚ್ಚೆ, ರಾತ್ರಿ ಅಳು ಎಲ್ಲ ದಾಟಿ ಬಂದಿರುತ್ತೆ. ಮದುವೆ ಮುಂಜಿಗೆ ನಾಲ್ಕು ದಿನ ಹೊರಗೆ ಹೋಗುವವರು, ಪೇಟೆಯ ಬೋರ್ಡಿಂಗಿಗಿಂತ, ನಾಯಿಗೆ ಪರಿಚಯ ಇರುವ ನೆರೆಯವರೊಬ್ಬರು ಬಂದು ನಿಮ್ಮ ಮನೆಯಲ್ಲೇ ಮಲಗುವ ಏರ್ಪಾಡು ಮಾಡಿಕೊಳ್ಳಿ. ನಾಯಿಗೆ ಊಟ ಬದಲಾದರೂ ತಡೆಯುತ್ತೆ, ಮಲಗುವ ಜಾಗ ಬದಲಾದರೆ ಕೊರಗುತ್ತೆ.

ಕರಿಯ ಹೋಗಿ ಎರಡು ವರ್ಷ ನಾವು ನಾಯಿ ತರಲಿಲ್ಲ. ಅವ್ವ ಬೇಡ ಅಂದಿದ್ದಳು. ಆಮೇಲೆ ತಂದದ್ದು ಒಂದು ವರ್ಷದ ನಾಟಿ ಹೆಣ್ಣು, ಸಾಕಿದವರು ಊರು ಬಿಡುವಾಗ ಬಿಟ್ಟು ಹೋದದ್ದು. ಮೊದಲ ರಾತ್ರಿ ರೂಢಿಯಂತೆ ಜಗಲಿಯಲ್ಲೇ ಸುರುಳಿ ಸುತ್ತಿ ಮಲಗಿದಳು. ಅಗುಳಿ ಹಾಕಲು ಬಂದ ಅವ್ವ ಕದ ಹಿಡಿದು ನಿಂತಳು. "ಅಲ್ಲೆಂತಕ್ಕೆ ಮಲಗ್ತೀಯ, ಬಾ ಇತ್ಲಾಗೆ" ಅಂತ ಕರೆದು, ಬಚ್ಚಲೊಲೆಯ ಪಕ್ಕ ತನ್ನ ಹಳೇ ಸೀರೆ ಮಡಚಿ ಹಾಸಿದಳು.